ವೆನ್ ಎದುರಿಗೆ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಚೀನೀ ಲಿಪಿ ಬೆಳೆದ ಬಗೆಯನ್ನು ಹೋದ ಸಲ ನೋಡಿದ್ದೇವೆ, ಅದನ್ನು ಮತ್ತೆ ಹೇಳುವುದಿಲ್ಲ. ಆ ದಿನ ಚಹಾ ಹೊತ್ತಿನಲ್ಲಿ ವೆನ್ (文) ಎಂಬ ಚೀನೀ ಅಕ್ಷರದ ಬಗ್ಗೆ ಒಬ್ಬರು ಕೇಳಿದರು, "ವೆನ್ ಅಂದ್ರೆ ಸಂಸ್ಕೃತಿ ತಾನೇ ಸಾರ್? ನಿಘಂಟಲ್ಲಿ ಹಾಗೇ ಇದೆ." ಇವತ್ತಿನ ಮಾತು ಅಲ್ಲಿಂದ ಹುಟ್ಟಿದ್ದು.

ನಿಘಂಟು ಸುಳ್ಳು ಹೇಳುತ್ತಿಲ್ಲ. ಆದರೆ ಮೂರು ಸಾವಿರ ವರ್ಷ ಓಡಾಡಿದ ಅಕ್ಷರ ಇದು. ಸಿಕ್ಕಲ್ಲೆಲ್ಲ 'ಸಂಸ್ಕೃತಿ' ಎಂದು ಓದಿಕೊಂಡು ಹೋದರೆ ತಮಾಷೆಯಾಗುತ್ತದೆ. ನನ್ನ ವಾದ ಇಷ್ಟೇ. ವೆನ್ ಕಂಡ ತಕ್ಷಣ ಅರ್ಥ ಹುಡುಕಬೇಡಿ, ಅದರ ಎದುರಿಗೆ ಯಾರು ನಿಂತಿದ್ದಾರೆ ನೋಡಿ. ಇದನ್ನು ಇವತ್ತು ಎಷ್ಟು ಸಲ ಹೇಳುತ್ತೇನೋ, ದಯವಿಟ್ಟು ಎಣಿಸಬೇಡಿ.

ಬೋರ್ಡಿನ ಮೇಲೆ ಬರೆದಿದ್ದೇನೆ. ನಾಲ್ಕೇ ಗೆರೆ. ಮೇಲೊಂದು ಚುಕ್ಕೆ, ಅದರ ಕೆಳಗೆ ಅಡ್ಡಗೆರೆ, ಅದರಡಿ ಒಂದನ್ನೊಂದು ದಾಟುವ ಎರಡು ಓರೆಗೆರೆ. ಚೀನಾದ ಅನ್ಯಾಂಗ್‌ನಲ್ಲಿ ಸಿಕ್ಕ, ಶಾಂಗ್ ಅರಸರ ಕಾಲದಲ್ಲಿ ಭವಿಷ್ಯ ಕೇಳಲು ಅಕ್ಷರ ಕೆತ್ತಿದ ಮೂಳೆಗಳಲ್ಲಿ, ಅಂದರೆ ಕ್ರಿ.ಪೂ. 1200ರ ಆಸುಪಾಸಿನಲ್ಲಿ, ಇದು ಒಬ್ಬ ಮನುಷ್ಯ. ನಮ್ಮ ಕಡೆ ಮುಖ ಮಾಡಿ ಕಾಲು ಅಗಲಿಸಿ ನಿಂತಿದ್ದಾನೆ. ಎದೆ ಅಗಲ. ಎಷ್ಟೋ ಕಡೆ ಆ ಎದೆಯ ಮೇಲೊಂದು ಗುರುತು. ಅದು ಹಚ್ಚೆ ಎನ್ನುವುದು ಅನೇಕ ವಿದ್ವಾಂಸರ ಊಹೆ. ಊಹೆಯೇ, ಆದರೂ ಬುಡವಿಲ್ಲದ್ದಲ್ಲ. ಜುವಾಂಗ್‌ಜಿ ಎಂಬ ಹಳೆಯ ಚೀನೀ ಗ್ರಂಥದಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ಸೋಂಗ್ ನಾಡಿನವನು. ವಿಧಿಗಳಿಗೆ ಹಾಕುವ ಟೋಪಿ ಮಾರಲು ದಕ್ಷಿಣದ ಯುವೆ ಜನರ ಕಡೆ ಹೋದ. ಅವರೋ ಕೂದಲು ಕತ್ತರಿಸಿಕೊಂಡು, ಮೈಗೆ ವೆನ್ ಹಾಕಿಸಿಕೊಂಡವರು. ಟೋಪಿ ಯಾರಿಗೆ ಬೇಕು? ಇಲ್ಲಿ ನಿಘಂಟಿನ ಅರ್ಥ ಹಾಕಿ ನೋಡಿ. ಮೈಗೆ ಸಂಸ್ಕೃತಿ ಹಾಕಿಸಿಕೊಂಡರು!

ಈಗ ನನಗೆ ತುಂಬಾ ಇಷ್ಟವಾದ ಕಥೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಶಾಂಗ್ ಆದ ಮೇಲೆ ಝೋ ಮನೆತನ ಬಂತು. ಅವರ ಕಂಚಿನ ಪಾತ್ರೆಗಳ ಮೇಲೆ ವೆನ್ ಎಲ್ಲೆಲ್ಲೂ ಇದೆ. ತೀರಿಹೋದ ಅಪ್ಪನಿಗೆ, ಅಜ್ಜನಿಗೆ ಹಚ್ಚುವ ಹೊಗಳಿಕೆ ಮಾತು ಅದು. ವೆನ್ ಅಜ್ಜ, ವೆನ್ ತಂದೆ. ಬದುಕಿದ್ದಾಗ ಏನು ಕರೆದರೋ, ಸತ್ತ ಮೇಲೆ ವೆನ್. ಈ ಪಾತ್ರೆಗಳಲ್ಲಿ ಆ ಮನುಷ್ಯನ ಎದೆಯೊಳಗೆ ಎಷ್ಟೋ ಸಲ ಒಂದು ಪುಟ್ಟ ಹೃದಯದ ಚಿಹ್ನೆ ಕೂತಿರುತ್ತದೆ. ಆ ಹೃದಯವನ್ನು ನೆನಪಿಟ್ಟುಕೊಳ್ಳಿ. ಎಲ್ಲ ಎಡವಟ್ಟೂ ಅದರದ್ದೇ.

ಹಳೆಯ ದೊರೆಗಳ ಮಾತು, ಘೋಷಣೆಗಳನ್ನು ಕೂಡಿಸಿದ ಶಾಂಗ್‌ಶು ಎಂಬ ಗ್ರಂಥದಲ್ಲಿ 'ಮಹಾ ಘೋಷಣೆ' ಎಂಬ ಭಾಗ ಇದೆ. ಝೋಗಳ ಆರಂಭದಲ್ಲಿ ದಂಗೆ ಎದ್ದಾಗ ಹೊರಡಿಸಿದ್ದು. ಅದರಲ್ಲಿ 'ನಿಂಗ್ ದೊರೆ ನನಗೆ ದೊಡ್ಡ ಆಮೆಯೊಂದನ್ನು ಬಿಟ್ಟುಹೋಗಿದ್ದಾನೆ' ಎಂಬ ಮಾತು ಬರುತ್ತದೆ. ಭವಿಷ್ಯ ಕೇಳುವ ಆಮೆ. ಸರಿ, ಯಾರಪ್ಪಾ ಈ ನಿಂಗ್ ದೊರೆ? ಝೋ ವಂಶಾವಳಿಯಲ್ಲಿ ಆ ಹೆಸರಿನವನು ಇಲ್ಲವೇ ಇಲ್ಲ. ನಿಂಗ್ ಅಂದರೆ ನೆಮ್ಮದಿ. ವ್ಯಾಖ್ಯಾನಕಾರರು ಬಿಡುತ್ತಾರೆಯೇ? ನಾಡಿಗೆ ನೆಮ್ಮದಿ ತಂದ ದೊರೆ ಎಂದರು. ಆ ನೆಮ್ಮದಿ ತಂದವನು ಯಾರು ಎಂದು ಆಮೇಲೆ ಬೇರೆ ಚರ್ಚೆ. ಹೀಗೇ ಸುಮಾರು ಎರಡು ಸಾವಿರ ವರ್ಷ ನಡೆಯಿತು.

19ನೇ ಶತಮಾನದ ಕೊನೆಗೆ ವು ದಾಚೆಂಗ್ ಎಂಬ ಅಧಿಕಾರಿ ಬಂದರು. ಹಳೆಯ ಕಂಚು ಕೂಡಿಡುವ ಹುಚ್ಚು ಅವರಿಗೆ. ಪಾತ್ರೆಗಳ ಮೇಲಿನ ವೆನ್ ನೋಡಿ ನೋಡಿ ಕಣ್ಣು ಪಳಗಿತ್ತು, ಅವರಿಗೆ ಒಂದು ವಿಷಯ ಹೊಳೆಯಿತು. ನಿಂಗ್ ಅಕ್ಷರದೊಳಗೂ ಒಂದು ಹೃದಯ ಇದೆ, ಮೇಲೆ ಸೂರು, ಕೆಳಗೆ ಪಾತ್ರೆ. ನೂರಾರು ವರ್ಷ ಕಳೆದು ಬಂದ ಹಾನ್ ಅರಸರ ಕಾಲದ ಹೊತ್ತಿಗೆ ಹೃದಯ ಇಟ್ಟು ವೆನ್ ಬರೆಯುವ ರೂಢಿ ತಪ್ಪಿಹೋಗಿತ್ತು. ಹಳೆಯ ಪ್ರತಿಯಲ್ಲಿ ಹೃದಯ ಕಂಡವರು ನಿಂಗ್ ಎಂದು ಓದಿಬಿಟ್ಟರು. ನಿಂಗ್ ದೊರೆ ಅಂತ ಯಾರೂ ಇರಲಿಲ್ಲ. ಅವನು ವೆನ್ ದೊರೆ, ಝೋ ಮನೆತನಕ್ಕೆ ಬುನಾದಿ ಹಾಕಿದವನು, ಪ್ರತಿ ಮಗುವಿಗೂ ಗೊತ್ತಿದ್ದ ವೆನ್ ದೊರೆ! ಅದೇ ಕಾಲದ ಇನ್ನೂ ಕೆಲವು ವಿದ್ವಾಂಸರಿಗೂ ಇದು ಹೊಳೆದಿತ್ತು. ಶಾಂಗ್ ಮೂಳೆಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1899ರಲ್ಲಿ, ಇದೆಲ್ಲ ಅದಕ್ಕೂ ಮುಂಚೆ. ನಮ್ಮಲ್ಲಿ ಶಾಸನ ಓದುವವರು ಕೂತಿದ್ದೀರಿ, ಈ ಸುಖ ನಿಮಗೆ ಗೊತ್ತು.

ಒಂದು ಉಪಕಥೆ. ಚೀನಾದಲ್ಲಿ ವೆನ್‌ನ ಹಳೆಯ ಜೋಡಿ ಮತ್ತು ಎದುರಾಳಿ 'ವು'. ವೆನ್ ಅಂದರೆ ಲೇಖನಿ ಕಡೆ, ವು ಅಂದರೆ ಕತ್ತಿ ಕಡೆ. ವೆನ್ ದೊರೆಯ ಮಗನೇ ವು ದೊರೆ, ಶಾಂಗ್‌ಗಳನ್ನು ಸೋಲಿಸಿದವನು. ನಮ್ಮ ವು ದಾಚೆಂಗ್ ಅವರ 'ವು' ಬೇರೆ ಅಕ್ಷರ, ಮನೆತನದ ಹೆಸರು. ಪಾಪ, ಜಪಾನ್ ಜೊತೆಗಿನ ಯುದ್ಧದಲ್ಲಿ ತಾವೇ ಮುಂದೆ ಬಂದು ಸೈನ್ಯ ಕರೆದುಕೊಂಡು ಹೋದರು. 1895ರಲ್ಲಿ ಮಂಚೂರಿಯಾದಲ್ಲಿ ಚೆನ್ನಾಗಿ ಸೋತರು.

ಎದುರಾಳಿ ಬದಲಾದರೆ ಅರ್ಥವೂ ಬದಲು. ಕನ್‌ಫ್ಯೂಷಿಯಸ್ ಮತ್ತು ಶಿಷ್ಯರ ಮಾತುಗಳ ಪುಸ್ತಕದಲ್ಲಿ ಎದುರಿಗಿರುವುದು ಕತ್ತಿಯಲ್ಲ, 'ಝಿ'. ಒಳಗಿನ ಹುರುಳು, ಹುಟ್ಟುಗುಣ ಅನ್ನಿ. ಒಬ್ಬ ಅಧಿಕಾರಿ ಕೇಳುತ್ತಾನೆ: ಸಜ್ಜನನಿಗೆ ಝಿ ಇದ್ದರೆ ಸಾಕಲ್ಲ, ವೆನ್ ಯಾಕೆ? ಶಿಷ್ಯ ಜಿಗೋಂಗ್ ಉತ್ತರ ನೋಡಿ. ಅಯ್ಯೋ, ನಾಲಿಗೆ ಜಾರಿದರೆ ನಾಲ್ಕು ಕುದುರೆ ಕಟ್ಟಿದರೂ ಹಿಡಿಯಲಾಗದು ಎಂದು ಶುರು ಮಾಡುತ್ತಾನೆ. ಆಮೇಲೆ ಹೇಳುತ್ತಾನೆ: ಕೂದಲು ತೆಗೆದ ಹುಲಿ ಚರ್ಮಕ್ಕೂ ಕೂದಲು ತೆಗೆದ ನಾಯಿ ಚರ್ಮಕ್ಕೂ ಏನು ವ್ಯತ್ಯಾಸ? ಜಿಗೋಂಗ್ ಹಣ ಮಾಡಿದ ವ್ಯಾಪಾರಿ, ಚರ್ಮದ ಬೆಲೆ ತಿಳಿದಿರಬೇಕು. ಇಲ್ಲಿ ವೆನ್ ಅಂದರೆ ನಡವಳಿಕೆಯ ಚೆಂದವೂ ಹೌದು, ಹುಲಿಯ ಪಟ್ಟೆಯೂ ಹೌದು. ಪಟ್ಟೆ ಹೋದರೆ ಹುಲಿಯೇ ಗುರುತು ಸಿಗುವುದಿಲ್ಲ ಎನ್ನುತ್ತಿದ್ದಾನೆ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಸಣ್ಣ ಮನುಷ್ಯ ತಪ್ಪು ಮಾಡಿದರೆ ಅದಕ್ಕೆ ವೆನ್ ಮಾಡುತ್ತಾನೆ, ಅಂದರೆ ಬಣ್ಣ ಬಳಿದು ಮುಚ್ಚುತ್ತಾನೆ. ಎರಡೂ ಮಾತು ಒಂದೇ ಪುಸ್ತಕದಲ್ಲಿ! ನಿಘಂಟಿನವರು ಏನು ಮಾಡಬೇಕು ಹೇಳಿ.

ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದರು. ಬೇಗ ಬೇಗ ಹೋಗುತ್ತೇನೆ. ಕ್ರಿ.ಶ. 100ರಲ್ಲಿ ಷು ಶೆನ್ ಮುಗಿಸಿದ ನಿಘಂಟಿನಲ್ಲಿ ವೆನ್ ಅಂದರೆ ದಾಟುವ ಗೆರೆ. ಅವನಿಗೆ ಒಂಟಿ ಅಕ್ಷರ ವೆನ್, ಕೂಡಿಸಿ ಕಟ್ಟಿದ ಅಕ್ಷರ ಜಿ. ಎದುರಿಗೆ ಯಾರು? ಜಿ. ಅದಾಗಿ ಕೆಲವು ನೂರು ವರ್ಷಕ್ಕೆ ಪ್ರಾಸವಿರುವ ಬರಹ ವೆನ್, ಇಲ್ಲದ್ದು ಬಿ. ಆ ಕಾಲದ ಸಾಹಿತ್ಯ ವಿಮರ್ಶಕ ಲಿಯು ಶಿಯೆ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ, ಬಿಡಿ. ಹಾಗೇ ತೂತಿನ ಕಾಸಿಗೂ ವೆನ್ ಎಂದರು, ಒಂದು ಕಾಸು ಒಂದು ವೆನ್. ಜಪಾನಿನಲ್ಲಿ ಅದೇ 'ಮೋನ್'. ಹೊಸ ಕಾಲದಲ್ಲಿ ಭಾಷೆಗಳ ಹೆಸರಿಗೂ ವೆನ್ ಸೇರಿತು, ಕನ್ನಡವೂ ಅವರಿಗೆ 'ಕನಾದಾ ವೆನ್'.

ಕೊನೆಗೆ ಮಂಜುಶ್ರೀ. ಬೌದ್ಧರ ಆ ಬೋಧಿಸತ್ವನನ್ನು ಚೀನೀಯರು 'ವೆನ್‌ಶು' ಎನ್ನುತ್ತಾರೆ. ಜ್ಞಾನದ ದೇವರು, ಹಾಗಾಗಿ ವೆನ್ ಹಾಕಿದ್ದಾರೆ ಎಂದು ಅರ್ಥ ಹೇಳಲು ಹೊರಡಬೇಡಿ. ಆ ಹೆಸರು ಚೀನಾಕ್ಕೆ ಬಂದ ಕಾಲದಲ್ಲಿ ಈ ಅಕ್ಷರದ ಉಚ್ಚಾರ 'ಮುನ್' ಎನ್ನುವುದಕ್ಕೆ ಹತ್ತಿರ ಇತ್ತು. ಕ್ಯಾಂಟನ್ ಕಡೆ ಇವತ್ತಿಗೂ 'ಮನ್' ಎನ್ನುತ್ತಾರೆ. 'ಮಂಜು' ಎಂಬ ಸದ್ದಿಗೆ ತಂದು ಕೂರಿಸಿದ್ದು, ಅಷ್ಟೇ. ಇಲ್ಲಿ ಎದುರಿಗೆ ಯಾರೂ ಇಲ್ಲ, ನನ್ನ ವಾದ ನಡೆಯುವುದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.