ತಾನೇ ನೀರು ಕುಡಿಯುವ ಅಂಜೂರ

ಕೇಳುಗರೇ, ನಮಸ್ಕಾರ.

ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾಗಿತ್ತು. ಬಳ್ಳಾರಿ ಕಡೆ ಅಂಜೂರದ ತೋಟಗಳೇ ಇವೆ. ತೋಟವಿಲ್ಲದ ನಮಗೆ ಬಿಸಿಲು ಬೀಳುವ ತಾರಸಿ ಇದ್ದರೂ ಸಾಕು.

ಅಂಜೂರ ಬಿಸಿಲಿಗೆ ಹೆದರುವ ಗಿಡ ಅಲ್ಲ. ಆದರೆ ಕುಂಡದಲ್ಲಿದ್ದಾಗ ನೀರು ಒಂದು ದಿನ ಇದ್ದು, ಮರುದಿನ ಇಲ್ಲದಿದ್ದರೆ ಕಾಯಿ ಉದುರಿಸುತ್ತದೆ. ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಸುರಿದರೆ ಹಣ್ಣಾಗುತ್ತಿರುವ ಕಾಯಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರಡು ದಿನ ಊರಿಗೆ ಹೋಗುವುದೂ ಕಷ್ಟ, ಅಲ್ವಾ?

ಅದಕ್ಕೇ, ತಾನೇ ನೀರು ಎಳೆದುಕೊಳ್ಳುವ ಕುಂಡ ಮಾಡಲು ನಾನು ಪೇಂಟಿನ ಖಾಲಿ ಬಕೆಟ್ ಹಿಡಿದೆ. 20 ಲೀಟರಿನವು ಎರಡು ಬೇಕು. ಹೊರಗಿನದರ ತಳದಲ್ಲಿ ನಾಲ್ಕು ಇಂಚು ಎತ್ತರದ ಗಟ್ಟಿ ಡಬ್ಬಿ ಇಟ್ಟು, ಅದರ ಮೇಲೆ ಇನ್ನೊಂದನ್ನು ಕೂರಿಸಿ. ಕೆಳಗಿನ ಜಾಗದಲ್ಲಿ ಸುಮಾರು 5 ಲೀಟರ್ ನೀರು ನಿಲ್ಲುತ್ತದೆ. ಒಳಗಿನ ಬಕೆಟ್ಟಿನ ತಳಕ್ಕೆ ಸಣ್ಣ ತೂತುಗಳನ್ನು ಹಾಕಿ. ಒಂದು ದೊಡ್ಡ ತೂತಿನಲ್ಲಿ, ಮೈತುಂಬ ರಂಧ್ರ ಕೊರೆದ ಪ್ಲಾಸ್ಟಿಕ್ ಲೋಟವನ್ನು ಇಳಿಬಿಟ್ಟು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿ. ಅದೇ ಬತ್ತಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತದೆ. ನೀರು ಹಾಕಲು ಮೇಲಿನಿಂದ ಹೊರಗಿನ ಬಕೆಟ್ಟಿನ ತಳದವರೆಗೆ ಒಂದು ಪೈಪು. ಸೊಳ್ಳೆ ಬರದಂತೆ ಅದರ ಬಾಯಿ ಮುಚ್ಚಿಡಿ.

ಇಲ್ಲಿ ಒಂದು ಮಾತು. ಹೊರಗಿನ ಬಕೆಟ್ಟಿಗೆ, ಒಳಗಿನದರ ತಳಕ್ಕಿಂತ ಅರ್ಧ ಇಂಚು ಕೆಳಗೆ, ಪಕ್ಕದಲ್ಲಿ ಒಂದು ತೂತು ಬೇಕೇ ಬೇಕು. ನನ್ನ ಮೊದಲ ಗಿಡಕ್ಕೆ ನಾನು ಅದನ್ನು ಮಾಡಿರಲಿಲ್ಲ. ಮಳೆಗಾಲದಲ್ಲಿ ಒಂದು ವಾರ ಬಿಡದೆ ಸುರಿಯಿತು. ನೀರು ಮೇಲೇರಿ ನಿಂತು, ಬೇರು ಕೊಳೆತು ಗಿಡ ಹೋಯಿತು. ಎರಡು ವರ್ಷ ಸಾಕಿದ ಗಿಡ. ಬಹಳ ಸಂಕಟವಾಯಿತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು.

ಬರೀ ಕೆಂಪು ಮಣ್ಣು ತುಂಬಬೇಡಿ, ಗಟ್ಟಿಯಾಗುತ್ತದೆ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ, ಸ್ವಲ್ಪ ದಪ್ಪ ಮರಳು ಸಾಕು. ಬೋರ್‌ವೆಲ್ ನೀರಾದರೆ ಉಪ್ಪು ಮೇಲೆ ಬಿಳಿಯಾಗಿ ಕಟ್ಟುತ್ತದೆ. ಆಗಾಗ ಮೇಲಿನಿಂದ ಧಾರಾಳವಾಗಿ ನೀರು ಹಾಕಿ ತೊಳೆದುಬಿಡಿ.

ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ. ಹೊಸ ಚಿಗುರಲ್ಲೇ ಕಾಯಿ ಕಚ್ಚುವುದರಿಂದ ವರ್ಷಕ್ಕೊಮ್ಮೆ ರೆಂಬೆ ಸವರಲೇಬೇಕು. ಆಗ ಒಸರುವ ಹಾಲು ಚರ್ಮಕ್ಕೆ ಉರಿ, ಕೈಗವಸು ಹಾಕಿಕೊಳ್ಳಿ.

ಹಸಿ ಕಾಯಿ ಕಿತ್ತಿಟ್ಟರೆ ಹಣ್ಣಾಗುವುದಿಲ್ಲ. ಕಾಯಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಇಲ್ಲದಿದ್ದರೆ ಹಕ್ಕಿಗಳು ಬಿಡುವುದಿಲ್ಲ. ತೊಟ್ಟು ಬಾಗಿ, ಮುಟ್ಟಿದರೆ ಮೆತ್ತಗಾಗಿದ್ದರೆ ಕೀಳಬಹುದು. ಅದನ್ನು ಅಲ್ಲೇ ನಿಂತು ತಿನ್ನಿ.

ನಮಸ್ಕಾರ.