ಬೆಳಿಗ್ಗೆ ಒಂದು ದರ, ರಾತ್ರಿ ಇನ್ನೊಂದು: ಡ್ರಿಲ್ ಮಷಿನ್‌ನ ಬೆಲೆ ಗರಗಸದಂತೆ ಏಕೆ ಓಡುತ್ತದೆ?

[ತೆರೆಯ ಮೇಲೆ: ಒಂದೇ ಡ್ರಿಲ್ ಮಷಿನ್, ಮೂರು ಸ್ಕ್ರೀನ್‌ಶಾಟ್. ₹2,899. ₹3,349. ₹2,749.]

ನಮಸ್ಕಾರ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕ ಫ್ಯಾಬ್ರಿಕೇಶನ್ ಶೆಡ್ ನಡೆಸುತ್ತಿರುವ, ಮೂಲತಃ ಇಂಡಿ ಕಡೆಯವರಾದ ವೀಕ್ಷಕರೊಬ್ಬರು ಆನ್‌ಲೈನ್ ಅಂಗಡಿಯ ಪುಟದ ಈ ಮೂರು ಚಿತ್ರಗಳನ್ನು ಕಳುಹಿಸಿದ್ದಾರೆ. ಮೊದಲನೆಯದನ್ನು ಸೋಮವಾರ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆಯುವ ಮೊದಲು ತೆಗೆದದ್ದು, ಎರಡನೆಯದು ಅದೇ ದಿನ ರಾತ್ರಿಯದು, ಮೂರನೆಯದು ಗುರುವಾರ ಮಧ್ಯಾಹ್ನದ್ದು. ಅವರು ಕೇಳಿದ ಪ್ರಶ್ನೆ ಇಷ್ಟೇ: "ನಾನು ಎರಡು ಸಲ ನೋಡಿದ್ದು ಗೊತ್ತಾಗಿ, ಇವನಿಗೆ ಇದು ಬೇಕೇ ಬೇಕು ಅಂತ ತಿಳಿದು ದರ ಏರಿಸಿದರೇನು?"

ಈ ಅನುಮಾನ ಮುಂಬಯಿಯ ನಮ್ಮ ಜನರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಮಾಟುಂಗದಲ್ಲಿ ಊಟಕ್ಕೆ ಕೂತಾಗಲೂ ಯಾರಾದರೊಬ್ಬರು ಇದೇ ಮಾತು ತೆಗೆಯುತ್ತಾರೆ. ಅನುಮಾನಕ್ಕೆ ಆಧಾರ ಇಲ್ಲವೆಂದು ನಾನು ಹೇಳುವುದಿಲ್ಲ. 2000ನೇ ಇಸವಿಯಲ್ಲಿ ಅಮೆಜಾನ್ ಒಂದೇ ಡಿವಿಡಿಯನ್ನು ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ದರಕ್ಕೆ ತೋರಿಸಿ ಪರೀಕ್ಷೆ ನಡೆಸಿತ್ತು. ವಿಷಯ ಹೊರಬಿದ್ದ ಮೇಲೆ 6,896 ಗ್ರಾಹಕರಿಗೆ ಸರಾಸರಿ 3 ಡಾಲರ್ 10 ಸೆಂಟ್‌ನಂತೆ ಹಣ ಮರಳಿಸಬೇಕಾಯಿತು. ದರವನ್ನು ಗ್ರಾಹಕರ ಗುರುತಿನ ಮೇಲಲ್ಲ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಬದಲಿಸುತ್ತಿದ್ದೆವು ಎಂದು ಕಂಪನಿ ಆಗ ಹೇಳಿತ್ತು. 2012ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಸ್ಟೇಪಲ್ಸ್ ಎಂಬ ಅಂಗಡಿ ಜಾಲದ ಜಾಲತಾಣವನ್ನು ಪರಿಶೀಲಿಸಿದಾಗ, ಒಂದೇ ಸ್ಟೇಪ್ಲರ್ ಒಬ್ಬರಿಗೆ 15 ಡಾಲರ್ 79 ಸೆಂಟ್, ಕೆಲವೇ ಮೈಲಿ ದೂರದ ಇನ್ನೊಬ್ಬರಿಗೆ 14 ಡಾಲರ್ 29 ಸೆಂಟ್ ತೋರಿಸುತ್ತಿತ್ತು. ಸುಮಾರು 20 ಮೈಲಿಯೊಳಗೆ ಪ್ರತಿಸ್ಪರ್ಧಿ ಅಂಗಡಿ ಇರುವ ಕಡೆ ಹೆಚ್ಚಾಗಿ ದರ ಕಡಿಮೆ ಇತ್ತು. ಆದ್ದರಿಂದ ಸ್ಥಳ ನೋಡಿ ದರ ಬದಲಾಗುವುದು ಕಟ್ಟುಕಥೆಯಲ್ಲ.

ಆದರೆ ಈ ಮೂರು ಚಿತ್ರಗಳ ವಿಷಯ ಬೇರೆ. ಅದನ್ನು ತಿಳಿಯಲು ನಾನು ಆ ಡ್ರಿಲ್‌ನ ಹಳೆಯ ದರಗಳ ನಕ್ಷೆಯನ್ನು ತೆಗೆದು ನೋಡಿದೆ.

[ತೆರೆಯ ಮೇಲೆ: ಆರು ತಿಂಗಳ ದರದ ರೇಖೆ.]

ಈ ರೇಖೆಯನ್ನು ಒಂದು ಕ್ಷಣ ಸುಮ್ಮನೆ ನೋಡಿ. ಎಡದಿಂದ ಬಲಕ್ಕೆ ಅದು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಇಳಿಯುತ್ತದೆ, ಕೆಲವು ಕಡೆ ಒಂದೊಂದೇ ರೂಪಾಯಿ ಇಳಿಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ ಮೇಲಕ್ಕೆ ಎದ್ದು ಮತ್ತೆ ಮೆಲ್ಲಗೆ ಇಳಿಯಲು ತೊಡಗುತ್ತದೆ. ಬಡಗಿಯ ಗರಗಸವನ್ನು ಹಲ್ಲು ಮೇಲಾಗಿ ಮಲಗಿಸಿದರೆ ಕಾಣುವ ಅಂಚು ಇದೇ: ಒಂದು ಬದಿ ಓರೆ, ಇನ್ನೊಂದು ಬದಿ ಕಡಿದು. ಈ ಆಕಾರವನ್ನು ಅರ್ಥಶಾಸ್ತ್ರಜ್ಞರು ಇಂಟರ್‌ನೆಟ್ ಬರುವ ಎಷ್ಟೋ ಮೊದಲೇ ಬಲ್ಲರು. 1926ರಲ್ಲಿ ತೀರಿಕೊಂಡ ಫ್ರಾನ್ಸಿಸ್ ಎಜ್‌ವರ್ತ್ ಎಂಬ ವಿದ್ವಾಂಸರ ಹೆಸರು ಇದಕ್ಕಿದೆ; 1988ರಲ್ಲಿ ಎರಿಕ್ ಮಾಸ್ಕಿನ್ ಮತ್ತು ಜೀನ್ ಟಿರೋಲ್ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಕೆಲವು ದೇಶಗಳ ಪೆಟ್ರೋಲ್ ಬಂಕ್‌ಗಳ ದರಗಳಲ್ಲಿಯೂ ಇದೇ ಹಲ್ಲುಗಳು ಕಂಡಿವೆ.

ಹಲ್ಲು ಮೂಡುವ ಬಗೆ ಹೀಗಿದೆ. ನೀವು ನೋಡುವ ಪುಟದಲ್ಲಿ ಡ್ರಿಲ್ ಒಂದೇ ಆದರೂ ಅದರ ಹಿಂದೆ ನಾಲ್ಕೈದು ಮಾರಾಟಗಾರರು ಇರುತ್ತಾರೆ, ಮತ್ತು 'ಈಗಲೇ ಖರೀದಿಸಿ' ಎಂಬ ಗುಂಡಿ ಒಂದು ಹೊತ್ತಿನಲ್ಲಿ ಒಬ್ಬರಿಗೇ ಸಿಗುತ್ತದೆ. ಆ ಗುಂಡಿ ಸಿಗಬೇಕಾದರೆ ದರ, ತಲುಪಿಸುವ ವೇಗ, ಹಿಂದಿನ ಸೇವೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವುಗಳಲ್ಲಿ ಬೆರಳ ತುದಿಯಲ್ಲಿ ಬದಲಿಸಬಹುದಾದದ್ದು ದರ ಮಾತ್ರ. ಹೀಗಾಗಿ ಮಾರಾಟಗಾರರು ದರ ತಿದ್ದುವ ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತಾರೆ. ಎದುರಿನವನು ಇಳಿಸಿದರೆ ನಾನೂ ಒಂದು ರೂಪಾಯಿ ಇಳಿಸುತ್ತೇನೆ, ಆದರೆ ನನ್ನ ಕನಿಷ್ಠ ದರಕ್ಕಿಂತ ಕೆಳಗೆ ಹೋಗುವುದಿಲ್ಲ ಎಂದು ಅದಕ್ಕೆ ಹೇಳಿಟ್ಟಿರುತ್ತಾರೆ. ಎಲ್ಲರೂ ಇಳಿಯುತ್ತಾ ಬಂದು, ಅತಿ ಕಡಿಮೆ ದರದವನ ಸರಕು ಖಾಲಿಯಾದ ಕೂಡಲೇ ಉಳಿದವನ ಸಾಫ್ಟ್‌ವೇರ್ ಸ್ಪರ್ಧೆ ಇಲ್ಲವೆಂದು ಕಂಡುಕೊಂಡು ದರವನ್ನು ಮೇಲಕ್ಕೆ ಹಾರಿಸುತ್ತದೆ. ನಮ್ಮ ವೀಕ್ಷಕರ ಸೋಮವಾರದ ಚಿತ್ರಗಳನ್ನು ಹಿಗ್ಗಿಸಿ ನೋಡಿದಾಗ, ಬೆಳಿಗ್ಗೆಯದರಲ್ಲಿ ಮಾರಾಟಗಾರರ ಹೆಸರು ಒಂದು, ರಾತ್ರಿಯದರಲ್ಲಿ ಇನ್ನೊಂದು. ಅಂದರೆ ನಮ್ಮ ವೀಕ್ಷಕರನ್ನು ಯಾರೂ ಗುರುತು ಹಿಡಿದಿರಲಿಲ್ಲ. ಬೆಳಿಗ್ಗೆಯವನ ಗೋದಾಮು ಖಾಲಿಯಾಗಿತ್ತು ಅಥವಾ ಗುಂಡಿ ಕೈ ಬದಲಾಯಿಸಿತ್ತು.

ಈ ಯಂತ್ರಗಳು ಒಂದನ್ನೊಂದು ನೋಡಿಕೊಂಡು ಎಲ್ಲಿಗೆ ತಲುಪಬಲ್ಲವು ಎಂಬುದಕ್ಕೆ ನಾನು ಎಂದೂ ಮರೆಯದ ಒಂದು ಘಟನೆಯಿದೆ. ಅದನ್ನು ನಿಧಾನವಾಗಿ ಹೇಳುತ್ತೇನೆ.

2011ರ ಏಪ್ರಿಲ್‌ನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಮೈಕೆಲ್ ಐಸೆನ್ ಅವರ ಪ್ರಯೋಗಾಲಯಕ್ಕೆ ನೊಣದ ಬೆಳವಣಿಗೆಯ ಕುರಿತ ಒಂದು ಹಳೆಯ ಪಠ್ಯಪುಸ್ತಕ ಬೇಕಾಯಿತು. ಅಮೆಜಾನ್‌ನಲ್ಲಿ ಬಳಸಿದ ಪ್ರತಿಗಳು 35 ಡಾಲರ್ ಚಿಲ್ಲರೆಯಿಂದ ಸಿಗುತ್ತಿದ್ದವು. ಹೊಸ ಪ್ರತಿಗಳು ಎರಡೇ ಇದ್ದವು, ಅದರಲ್ಲಿ ಅಗ್ಗದ್ದರ ಬೆಲೆ 17 ಲಕ್ಷ 30 ಸಾವಿರ ಡಾಲರ್! ಯಾರೋ ತಮಾಷೆ ಮಾಡಿದ್ದಾರೆಂದು ಬಿಟ್ಟುಬಿಡದೆ ಐಸೆನ್ ದಿನವೂ ಪುಟ ತೆರೆದು ಎರಡೂ ದರಗಳನ್ನು ಬರೆದಿಟ್ಟುಕೊಂಡರು, ಮತ್ತು ಎರಡರ ನಡುವಿನ ಅನುಪಾತ ಕರಾರುವಾಕ್ಕಾಗಿ ಮರುಕಳಿಸುವುದನ್ನು ಕಂಡರು. ಮೊದಲ ಮಾರಾಟಗಾರ ದಿನಕ್ಕೊಮ್ಮೆ ತನ್ನ ದರವನ್ನು ಎರಡನೆಯವನ ದರದ 0.9983 ಪಾಲಿಗೆ ಹೊಂದಿಸುತ್ತಿದ್ದ, ಅಂದರೆ ಕೂದಲೆಳೆಯಷ್ಟು ಅಗ್ಗ. ಎರಡನೆಯವನು ಮೊದಲನೆಯವನ ದರಕ್ಕೆ 1.270589 ಪಟ್ಟು ಇಡುತ್ತಿದ್ದ. ಏಕಿರಬಹುದು? ಐಸೆನ್ ಊಹಿಸಿದಂತೆ, ಎರಡನೆಯವನ ಬಳಿ ಪುಸ್ತಕವೇ ಇರಲಿಲ್ಲ. ಗಿರಾಕಿ ಬಂದರೆ ಮೊದಲನೆಯವನಿಂದಲೇ ಕೊಂಡು, ತನ್ನ ಲಾಭ ಸೇರಿಸಿ ದಾಟಿಸುವ ಯೋಜನೆ ಅವನದಾಗಿತ್ತು.

ಈಗ ಎರಡು ಸಂಖ್ಯೆಗಳನ್ನು ಗುಣಿಸಿ. 1.268 ಬರುತ್ತದೆ. ಅಂದರೆ ಪ್ರತಿ ಸುತ್ತಿಗೆ ದರ ಶೇ 27ರಷ್ಟು ಏರುತ್ತದೆ, ಮತ್ತು ಇಬ್ಬರಲ್ಲಿ ಯಾರೊಬ್ಬರೂ ಪುಟದ ಕಡೆ ಕಣ್ಣು ಹಾಯಿಸದೆ ಇರುವುದರಿಂದ ಅದು ನಿಲ್ಲುವುದೇ ಇಲ್ಲ. ಏಪ್ರಿಲ್ 18ರಂದು ಆ ಪುಸ್ತಕದ ದರ 2,36,98,655 ಡಾಲರ್ 93 ಸೆಂಟ್ ತಲುಪಿತು. ಅಂಚೆ ವೆಚ್ಚ 3 ಡಾಲರ್ 99 ಸೆಂಟ್ ಬೇರೆ. ಮರುದಿನ ಮೊದಲನೆಯವನಿಗೆ ಎಚ್ಚರವಾಗಿರಬೇಕು, ದರ 106 ಡಾಲರ್ 23 ಸೆಂಟ್‌ಗೆ ಬಿತ್ತು. ಎರಡನೆಯವನ ಸಾಫ್ಟ್‌ವೇರ್ ಆಗಲೂ ತನ್ನ ಲೆಕ್ಕ ತಪ್ಪಲಿಲ್ಲ: 106.23ಕ್ಕೆ 1.270589 ಪಟ್ಟು, 134 ಡಾಲರ್ 97 ಸೆಂಟ್.

ನಮ್ಮ ಡ್ರಿಲ್‌ಗೆ ಇದೇ ಲೆಕ್ಕ ಹಚ್ಚಿದರೆ ₹3,000ದ ಯಂತ್ರ ಹತ್ತು ಸುತ್ತಿಗೆ ₹32,000 ದಾಟುತ್ತದೆ. ಭಾರತದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಎಂಆರ್‌ಪಿ ಎಂಬ ಚಾವಣಿ ಇದೆ. 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಚಿಲ್ಲರೆ ಮಾರಾಟದ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕಲೇಬೇಕು, ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಜಾಲತಾಣದ ಪುಟದಲ್ಲಿಯೂ ಅದನ್ನು ತೋರಿಸಬೇಕು. ಇದು ಗ್ರಾಹಕರಿಗೆ ದೊಡ್ಡ ರಕ್ಷಣೆ. ಆದರೆ ಆ ಚಾವಣಿ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ತಯಾರಕರು ಅಥವಾ ಆಮದುದಾರರೇ ನಿರ್ಧರಿಸುತ್ತಾರೆ. ಎತ್ತರದಲ್ಲಿಟ್ಟಷ್ಟೂ ಅದರ ಕೆಳಗೆ ಗರಗಸ ಓಡಾಡಲು ಜಾಗ ಹೆಚ್ಚು, 'ಶೇ 55 ರಿಯಾಯಿತಿ' ಎಂದು ಬರೆಯಲು ಅವಕಾಶವೂ ಹೆಚ್ಚು. ಹೀಗಿರುವಾಗ ಪುಟದಲ್ಲಿ ಗೆರೆ ಎಳೆದು ಹೊಡೆದುಹಾಕಿದ ಎಂಆರ್‌ಪಿಯನ್ನು ನೋಡಿ ಸಂತೋಷಪಡುವುದರಲ್ಲಿ ಅರ್ಥವಿಲ್ಲವೆಂದು ನಾನು ಖಂಡಿತವಾಗಿ ನಂಬಿದ್ದೇನೆ. ಯುರೋಪಿನ ಒಕ್ಕೂಟದಲ್ಲಿ 2022ರ ಮೇ 28ರಿಂದ ರಿಯಾಯಿತಿ ಘೋಷಿಸುವವರು ಹಿಂದಿನ ಕನಿಷ್ಠ 30 ದಿನಗಳ ಅತಿ ಕಡಿಮೆ ದರವನ್ನೇ ಹಳೆಯ ದರವೆಂದು ತೋರಿಸಬೇಕು. ಅಂತಹ ನಿಯಮ ಇಲ್ಲಿಗೂ ಬರಬೇಕು. ಬರುವ ತನಕ ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ.

ಅದಕ್ಕೆ ಕೀಪಾ, ಬೈಹಟ್ಕೆ ಮೊದಲಾದ ದರ ದಾಖಲಿಸುವ ಸೇವೆಗಳಿವೆ. ಪುಟದ ಕೊಂಡಿಯನ್ನು ಅದರಲ್ಲಿ ಹಾಕಿ, ಆರು ತಿಂಗಳ ರೇಖೆಯನ್ನು ನೋಡಿ, ಅತಿ ಕೆಳಗಿನ ಒಂದೇ ಒಂದು ಚುಕ್ಕೆಯನ್ನು ಬಿಟ್ಟುಬಿಡಿ, ಏಕೆಂದರೆ ಅದು ಎರಡು ಗಂಟೆ ಮಾತ್ರ ಇದ್ದ ದರವಾಗಿರಬಹುದು. ಹಲ್ಲುಗಳ ತಳ ಮತ್ತೆ ಮತ್ತೆ ಎಲ್ಲಿ ಮುಟ್ಟುತ್ತದೆಯೋ ಆ ಮಟ್ಟಕ್ಕೆ ಎಚ್ಚರಿಕೆ (ಅಲರ್ಟ್) ಇಟ್ಟು ಫೋನನ್ನು ಕೆಳಗಿಡಿ. ನಮ್ಮ ವೀಕ್ಷಕರ ಡ್ರಿಲ್‌ಗೆ ಆ ಮಟ್ಟ ₹2,750ರ ಆಸುಪಾಸಿನಲ್ಲಿತ್ತು.

ಇಷ್ಟಾದ ಮೇಲೆ ನಾನು ಒಂದು ಶನಿವಾರ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು, ಕ್ರಾಫರ್ಡ್ ಮಾರ್ಕೆಟ್ ದಾಟಿ ನಾಗದೇವಿ ಸ್ಟ್ರೀಟಿಗೆ ನಡೆದೆ. ಕೈಗಾಡಿಗಳ ನಡುವೆ ಭುಜ ಓರೆ ಮಾಡಿಕೊಂಡು ಹೋಗಬೇಕಾದ ಆ ಬೀದಿಯಲ್ಲಿ ಉಪಕರಣಗಳ ಅಂಗಡಿಯ ಪಕ್ಕ ಉಪಕರಣಗಳದ್ದೇ ಅಂಗಡಿ. ಒಬ್ಬ ಹಿರಿಯ ವ್ಯಾಪಾರಿಗೆ ನಾನು ಫೋನಿನ ಚಿತ್ರ ತೋರಿಸಿದಾಗ ಅವರು ದರದ ಕಡೆ ನೋಡಲೇ ಇಲ್ಲ. ಒಂದೇ ಬಣ್ಣದ, ಒಂದೇ ಕಂಪನಿಯ ಎರಡು ಪೆಟ್ಟಿಗೆ ತಂದು ಗಲ್ಲೆಯ ಮೇಲಿಟ್ಟು, ಎರಡರಿಂದಲೂ ಯಂತ್ರ ಹೊರತೆಗೆದು ಕೊರೆಯುವ ಬಿಟ್ ಹಿಡಿದುಕೊಳ್ಳುವ ಚಕ್ಕಿನ ಬಾಯನ್ನು ನನ್ನ ಕಡೆ ತಿರುಗಿಸಿದರು. ಒಂದು 10 ಮಿಲಿಮೀಟರಿನದು, ಇನ್ನೊಂದು 13 ಮಿಲಿಮೀಟರಿನದು. ಪೆಟ್ಟಿಗೆಯ ಬದಿಯ ಚೀಟಿಯಲ್ಲಿ ಮಾದರಿ ಸಂಖ್ಯೆಯ ಕೊನೆಯ ಅಕ್ಷರಗಳು ಮಾತ್ರ ಬೇರೆ. ಗುರುವಾರದ ₹2,749ರ ಚಿತ್ರದಲ್ಲಿ ಇದ್ದದ್ದು 10 ಮಿಲಿಮೀಟರಿನ ಯಂತ್ರ. ಸೋಮವಾರದ ಎರಡೂ 13ರವು. ಅಂದರೆ ನಾವು ಇಳಿಕೆ ಎಂದುಕೊಂಡದ್ದು ಇಳಿಕೆಯೇ ಆಗಿರಲಿಲ್ಲ! ಕಬ್ಬಿಣಕ್ಕೆ 12 ಮಿಲಿಮೀಟರ್ ಬಿಟ್ ಹಾಕಬೇಕಾದ ಫ್ಯಾಬ್ರಿಕೇಶನ್ ಶೆಡ್ಡಿಗೆ ಆ ಚಿಕ್ಕ ಚಕ್ ಬಂದಿದ್ದರೆ ದುಡ್ಡು ದಂಡ.

ಬ್ಯಾಟರಿ ಡ್ರಿಲ್‌ಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಒಂದು ಕಂಪನಿ 18 ವೋಲ್ಟ್ ಎಂದೂ ಇನ್ನೊಂದು '20 ವೋಲ್ಟ್ ಮ್ಯಾಕ್ಸ್' ಎಂದೂ ಬರೆದಾಗ ಎರಡನೆಯದು ಬಲಶಾಲಿ ಎಂದು ಹೆಚ್ಚು ಹಣ ಕೊಡುವವರಿದ್ದಾರೆ. ಎರಡರೊಳಗೂ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳೇ. ಕೆಲಸದ ನಡುವೆ ಸೆಲ್ಲಿಗೆ 3.6 ವೋಲ್ಟಿನಂತೆ ಲೆಕ್ಕ ಹಾಕಿದರೆ 18, ಆಗತಾನೇ ಚಾರ್ಜ್ ಆದಾಗಿನ ಸುಮಾರು 4 ವೋಲ್ಟಿನಂತೆ ಹಾಕಿದರೆ 20. ಅದಕ್ಕಿಂತ ಮುಖ್ಯವಾಗಿ ಪುಟದಲ್ಲಿರುವುದು ಬ್ಯಾಟರಿ ಮತ್ತು ಚಾರ್ಜರ್ ಸೇರಿದ ಕಿಟ್ಟೋ ಬರೀ ಯಂತ್ರವೋ ಎಂದು ನೋಡಿ. ಅರ್ಧ ದರಕ್ಕೆ ಸಿಕ್ಕಿತೆಂದು ತರಿಸಿದ ಪೆಟ್ಟಿಗೆಯಲ್ಲಿ ಬ್ಯಾಟರಿಯೇ ಇಲ್ಲದಿರುವುದು ಈ ಕಾರಣಕ್ಕೆ.

[ತೆರೆಯ ಮೇಲೆ: ಒಂದು ಬಿಲ್ಲಿನ ಹತ್ತಿರದ ಚಿತ್ರ.]

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಡ್ರಿಲ್, ಗ್ರೈಂಡರ್‌ಗಳ ಮೇಲೆ ಜಿಎಸ್‌ಟಿ ಶೇ 18. ನಿಮ್ಮ ಶೆಡ್ಡಿಗೆ ಜಿಎಸ್‌ಟಿಯ ಸಾಮಾನ್ಯ ಯೋಜನೆಯ ನೋಂದಣಿ ಇದ್ದರೆ, ನಿಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಪಕ್ಕಾ ಬಿಲ್ ಪಡೆದು, ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಆ ತೆರಿಗೆಯನ್ನು ಕಳೆಯಬಹುದು, ಇದು ಹಬ್ಬದ ಎಷ್ಟೋ ರಿಯಾಯಿತಿಗಳಿಗಿಂತ ದೊಡ್ಡದು. ಬಡ್ಡಿಯಿಲ್ಲದ ಕಂತು ಎಂಬುದರಲ್ಲಿ ಬಡ್ಡಿಯನ್ನು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ಕಾರ್ಡಿನ ಬಿಲ್ಲಿಗೆ ಬರುತ್ತದೆ. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ಸೇರಿಸಿದ ವಾರಂಟಿ, ಕೊನೆಯ ಪುಟದಲ್ಲಿ ಕಾಣಿಸಿಕೊಳ್ಳುವ ಶುಲ್ಕ ಇವೆಲ್ಲವೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಸೇರಿವೆ. ಕಂಡರೆ 1915ಕ್ಕೆ ಕರೆ ಮಾಡಿ ದೂರು ಕೊಡಿ. ದರ ಹೋಲಿಸಿ ತೋರಿಸುವ ತಾಣಗಳಲ್ಲಿ ಹೆಚ್ಚಿನವು ನಿಮ್ಮ ಖರೀದಿಯಿಂದ ಕಮಿಷನ್ ಪಡೆಯುತ್ತವೆ, ಆದ್ದರಿಂದ ರೇಖೆಯನ್ನು ಅವರಿಂದ ಪಡೆಯಿರಿ, ಕೊಳ್ಳಬೇಕೋ ಬೇಡವೋ ಎಂಬ ಸಲಹೆಯನ್ನು ಬೇಡ.

ನಮ್ಮ ವೀಕ್ಷಕರ ವಿಷಯಕ್ಕೆ ಬಂದರೆ, ನಾಗದೇವಿಯ ಆ ವ್ಯಾಪಾರಿ 13 ಮಿಲಿಮೀಟರಿನ ಯಂತ್ರಕ್ಕೆ ಬಿಲ್ ಸಹಿತ ₹2,950 ಹೇಳಿದರು. ಜಾಲತಾಣದ ತಳಮಟ್ಟಕ್ಕಿಂತ ಅದು ₹200 ಹೆಚ್ಚು. ಆದರೆ ಅವರು ಯಂತ್ರವನ್ನು ಪ್ಲಗ್ಗಿಗೆ ಹಾಕಿ ತಿರುಗಿಸಿ ತೋರಿಸಿದರು, ಜೊತೆಗೆ ಮೋಟರಿನೊಳಗೆ ಸವೆಯುವ ಭಾಗವಾದ ಕಾರ್ಬನ್ ಬ್ರಷ್ ಒಂದು ಜೋಡಿ ಸೇರಿಸಿದರು. ವೀಕ್ಷಕರು ಫೋನಿನಲ್ಲಿಯೇ ಒಪ್ಪಿಕೊಂಡರು, ಮತ್ತು ನಾನು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ತಂದುಕೊಟ್ಟೆ.