ಟರ್ಬೊ ಬದಲಿಸುವ ಮುನ್ನ: ಆಯಿಲ್ ಎಲ್ಲಿ ನಿಂತಿತು?

ಎಲ್ಲರಿಗೂ ನಮಸ್ಕಾರ.

ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವವರೂ ಇದ್ದೀರಿ, ಸ್ವಂತ ಗ್ಯಾರೇಜ್ ನಡೆಸುವವರೂ ಇದ್ದೀರಿ. ಇಬ್ಬರಿಗೂ ಒಂದೇ ಮಾತು ಹೇಳಲು ಬಂದಿದ್ದೇನೆ. ತಿರುಗುವ ಶಾಫ್ಟನ್ನು ಹೊತ್ತಿರುವ ಎಂಜಿನ್ ಬೇರಿಂಗ್ ತಾನಾಗಿ ಸಾಯುವುದು ತೀರಾ ಅಪರೂಪ. ಬಹುಪಾಲು ಸಲ ಆಯಿಲ್ ಎಲ್ಲೋ ತಡೆದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಏಟು ಬೀಳುವುದು ಮಾತ್ರ ಬೇರಿಂಗ್‌ಗೆ. ಹೊಸ ಶೆಲ್ (ಬೇರಿಂಗ್‌ನ ಅರ್ಧ ಬಳೆಯಂಥ ತುಂಡು) ಹಾಕಿ, ಹೊಸ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಕೂರಿಸಿ ಕಳಿಸಿದ ಗಾಡಿ ಕೆಲವೇ ವಾರಗಳಲ್ಲಿ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂದರೆ, ಕಾರಣವನ್ನು ಹಾಗೇ ಬಿಟ್ಟು ಪರಿಣಾಮವನ್ನಷ್ಟೇ ಬದಲಿಸಿದ್ದೇವೆ ಎಂದೇ ಅರ್ಥ.

ಇದು ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗೋಣ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲ್ವೆ ಆಕ್ಸಲ್ ಬೇರಿಂಗ್‌ಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಆಯಿಲ್ ಹಾಕಲೆಂದು ಬೇರಿಂಗ್‌ನ ನೆತ್ತಿಗೆ ತೂತು ಕೊರೆದ. ಶಾಫ್ಟ್ ತಿರುಗಿದಾಗ ಆ ತೂತಿನಿಂದ ಆಯಿಲ್ ಹೊರಕ್ಕೆ ಉಕ್ಕಿತು. ಮರದ ಬಿರಡೆ ಜಡಿದ. ಅದನ್ನೂ ದೂಡಿ ಬಂತು. ಗೇಜ್ ಹಚ್ಚಿದರೆ ಮುಳ್ಳು 200 ಪಿಎಸ್‌ಐ ದಾಟಿತು. ಪಂಪ್ ಅಲ್ಲಿ ಇರಲೇ ಇಲ್ಲ! ತಿರುಗುವ ಶಾಫ್ಟೇ ಆಯಿಲನ್ನು ಸಂದಿಗೆ ಎಳೆದುಕೊಂಡು ಅಷ್ಟು ಒತ್ತಡ ಹುಟ್ಟಿಸಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬರೆದ.

ಅಂದರೆ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಎಂಜಿನ್‌ನ ಮುಖ್ಯ ಶಾಫ್ಟ್) ಎತ್ತಿ ಹಿಡಿಯುವುದು ಪಂಪಿನ ಮೂರೋ ನಾಲ್ಕೋ ಬಾರ್ ಒತ್ತಡವಲ್ಲ, ಶಾಫ್ಟ್ ತಾನೇ ಕಟ್ಟಿಕೊಳ್ಳುವ, ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ. ಪಕ್ಕದಿಂದ ಸೋರಿಹೋಗುವಷ್ಟು ಆಯಿಲನ್ನು ಬಿಡದೆ ತುಂಬಿಕೊಡುವುದೇ ಪಂಪಿನ ಕೆಲಸ. ಹಾಗಾಗಿ 'ಪ್ರೆಷರ್ ಇದೆ ಸಾರ್, ಆಯಿಲ್ ಪ್ರಾಬ್ಲಂ ಅಲ್ಲ' ಎನ್ನುವ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒತ್ತಡ ಬೇರೆ, ಹರಿವು ಬೇರೆ. ಗ್ಯಾಲರಿಯಲ್ಲಿ (ಎಂಜಿನ್ ಒಳಗಿನ ಮುಖ್ಯ ಆಯಿಲ್ ಕಾಲುವೆ) ಒಳ್ಳೆಯ ಒತ್ತಡ ಇದ್ದೂ, ಮುಂದಿನ ಸಣ್ಣ ತೂತು ಕಟ್ಟಿಕೊಂಡಿದ್ದರೆ ಅದರಾಚೆಯ ಬೇರಿಂಗ್ ಒಣಗುತ್ತದೆ.

ಆಯಿಲ್ ಹೋಗುವ ದಾರಿ ಹೀಗಿದೆ: ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ), ಸ್ಟ್ರೇನರ್ (ಆಯಿಲ್ ಎಳೆಯುವ ಬಾಯಿಯ ಜಾಲರಿ), ಪಂಪ್, ಫಿಲ್ಟರ್, ಮೇನ್ ಗ್ಯಾಲರಿ, ಮೇನ್ ಬೇರಿಂಗ್. ಮೇನ್‌ನಿಂದ ಕ್ರ್ಯಾಂಕ್ ಒಳಗಿನ ತೂತಿನ ಮೂಲಕ ಬಿಗ್ ಎಂಡ್‌ಗೆ, ಅಂದರೆ ಪಿಸ್ಟನ್‌ನ ರಾಡ್ ಕ್ರ್ಯಾಂಕನ್ನು ಹಿಡಿಯುವ ಬೇರಿಂಗ್‌ಗೆ. ಟರ್ಬೊಗೆ ಗ್ಯಾಲರಿಯಿಂದ ಬೇರೆಯೇ ಒಂದು ಸಪೂರ ಪೈಪ್. ಕಾಲುವೆಯ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಭಾಗದ ರೈತನ ಗದ್ದೆ ತಾನೇ? ಇಲ್ಲಿ ಆ ಕೊನೆಯ ಭಾಗದಲ್ಲಿ ಕೂತಿರುವುದು ಬಿಗ್ ಎಂಡ್ ಮತ್ತು ಟರ್ಬೊ. ಅದರಲ್ಲೂ ಟರ್ಬೊದ ಕಷ್ಟ ದೊಡ್ಡದು. ಕಾರಿನ ಸಣ್ಣ ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಅದರ ಒಂದು ತುದಿಗೆ ಬಡಿಯುವ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಅಲ್ಲಿ ಆಯಿಲ್ ಜಾರಿಸುವುದಷ್ಟೇ ಅಲ್ಲ, ತಂಪನ್ನೂ ಮಾಡಬೇಕು.

ಈಗ ಒಂದು ಪ್ರಸಿದ್ಧ ಪ್ರಕರಣ. ಪೂಜೊ-ಸಿಟ್ರೊಯೆನ್ ಮತ್ತು ಫೋರ್ಡ್ ಸೇರಿ ಮಾಡಿದ 1.6 ಲೀಟರ್ ಡೀಸೆಲ್ ಎಂಜಿನ್ ಒಂದಿದೆ. ಕೋಡ್ ಹೆಸರು ಡಿವಿ6. ಪೂಜೊ 307, ಫೋರ್ಡ್ ಫೋಕಸ್, ಮಾಜ್ಡಾ 3, ವೋಲ್ವೊ ವಿ50 ಹೀಗೆ ಯುರೋಪಿನಲ್ಲಿ ಅಸಂಖ್ಯ ಕಾರುಗಳಲ್ಲಿ ಓಡಿತು. ಅದರ ಟರ್ಬೊ ಹೋಗುತ್ತಿತ್ತು. ಹೊಸದು ಹಾಕಿದರೆ ಅದೂ ಬೇಗ ಹೋಗುತ್ತಿತ್ತು. ಟರ್ಬೊವನ್ನು ಬೈದವರೇ ಹೆಚ್ಚು. ನಿಜವಾದ ಕಥೆ ಎಷ್ಟೋ ಸಲ ಶುರುವಾಗುತ್ತಿದ್ದುದು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಅಡಿಯ ತಾಮ್ರದ ವಾಷರ್‌ನಲ್ಲಿ. ಅದು ಸೋರಿದರೆ ಉರಿದ ಅನಿಲ ಮೇಲೆ ಬಂದು ಡಾಂಬರಿನಂಥ ಕರಿ ಕಟ್ಟುತ್ತದೆ, ಮಸಿ ಆಯಿಲ್‌ಗೂ ಸೇರುತ್ತದೆ. ಆಯಿಲ್ ಗಟ್ಟಿಯಾಗಿ ಸ್ಟ್ರೇನರ್ ಕಟ್ಟಿಕೊಳ್ಳುತ್ತದೆ. ಟರ್ಬೊ ಫೀಡ್ ಪೈಪಿನ ಬ್ಯಾಂಜೊ ಬೋಲ್ಟ್ (ಆಯಿಲ್ ಹಾದುಹೋಗುವ ಟೊಳ್ಳು ಬೋಲ್ಟ್) ಒಳಗಿನ ಪುಟ್ಟ ಜಾಲರಿಯೂ ಮುಚ್ಚಿಹೋಗುತ್ತದೆ. ಟರ್ಬೊವನ್ನು ಕಾಪಾಡಲೆಂದು ಇಟ್ಟ ಜಾಲರಿಯೇ ಅದರ ಉಸಿರು ಕಟ್ಟಿಸುತ್ತದೆ. ಹೊಸ ಟರ್ಬೊ ಹಾಕಿದವನು ವಾಷರ್ ನೋಡಲಿಲ್ಲ, ಚೇಂಬರ್ ಇಳಿಸಲಿಲ್ಲ, ಹಳೇ ಫೀಡ್ ಪೈಪನ್ನೇ ಮತ್ತೆ ಬಿಗಿದ. ಇನ್ನೇನಾದೀತು?

ಸಾಬ್ ಕಂಪನಿಯ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲೂ, 1999ರಿಂದ 2003ರವರೆಗಿನ ಮಾಡೆಲ್‌ಗಳಲ್ಲಿ, ಆಯಿಲ್ ಕೆಸರಾಗಿ ಸ್ಟ್ರೇನರ್ ಮುಚ್ಚುವ ಇದೇ ರೋಗ ಇತ್ತು.

ನಮ್ಮಲ್ಲಿ ಈಗ ಬೇರೆ ಬಗೆಯ ತೊಂದರೆ ಇದೆ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು, ಡೀಸೆಲ್ ಕಾರುಗಳಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬಂತು. ಅದರೊಳಗಿನ ಮಸಿ ಸುಡಲು ಎಷ್ಟೋ ಎಂಜಿನ್‌ಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಒಂದಿಷ್ಟು ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದನ್ನು ಕಂಡು 'ಆಯಿಲೇ ತಿಂದಿಲ್ಲ' ಎಂದು ಓನರ್ ಖುಷಿಪಡುತ್ತಾರೆ. ಖುಷಿಪಡುವ ವಿಷಯವಲ್ಲ ಅದು. ತೆಳುವಾದ ಆಯಿಲ್ ಪದರ ಕಟ್ಟಲಾರದು.

ಪತ್ತೆ ಹಚ್ಚುವುದಕ್ಕೆ ಬರೋಣ. ಮೊದಲು ಕಿವಿ. ಬಿಗ್ ಎಂಡ್ ಬಡಿತ ಕ್ರ್ಯಾಂಕ್ ವೇಗಕ್ಕೆ ತಕ್ಕಂತೆ ಇರುತ್ತದೆ, ವಾಲ್ವ್ ಕಡೆಯ ಟಕಟಕ ಅದರ ಅರ್ಧ ವೇಗದಲ್ಲಿ. ಒಂದೊಂದೇ ಸಿಲಿಂಡರಿನ ಇಂಜೆಕ್ಷನ್ ನಿಲ್ಲಿಸಿ ನೋಡಿ. ಯಾವುದನ್ನು ನಿಲ್ಲಿಸಿದಾಗ ಬಡಿತ ತಗ್ಗುತ್ತದೋ ಅಲ್ಲಿ ಅನುಮಾನ ಇಡಿ. ಬಿಸಿಯಾದ ಮೇಲೆ ಸದ್ದು ಕಡಿಮೆಯಾದರೆ ಪಿಸ್ಟನ್ ಕಡೆ ನೋಡಿ, ಹೆಚ್ಚಾದರೆ ಬೇರಿಂಗ್ ಕಡೆ.

ಎರಡನೆಯದು ಒತ್ತಡ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ಗೇಜ್ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದರ ಸ್ವಿಚ್ ಅರ್ಧ ಬಾರ್ ಆಸುಪಾಸಿನಲ್ಲೇ ತೃಪ್ತವಾಗುತ್ತದೆ. ಸ್ವಿಚ್ ಬಿಚ್ಚಿ ಮೆಕ್ಯಾನಿಕಲ್ ಗೇಜ್ ಹಚ್ಚಿ, ಎಂಜಿನ್ ಪೂರ್ತಿ ಬಿಸಿಯಾಗಲಿ. ಬೇರಿಂಗ್ ಸವೆದಿದ್ದರೆ ಬಿಸಿ ಐಡಲ್‌ನಲ್ಲಿ ಮುಳ್ಳು ನೆಲ ಹಿಡಿಯುತ್ತದೆ, ರೇಸ್ ಮಾಡಿದರೆ ಏರುತ್ತದೆ. ಸ್ಟ್ರೇನರ್ ಕಟ್ಟಿಕೊಂಡಿದ್ದರೆ ಇದು ತಿರುಗುಮುರುಗು: ಐಡಲ್‌ನಲ್ಲಿ ಸರಿ, ರೇಸ್ ಹಿಡಿದಿಟ್ಟಾಗ ಏರಬೇಕಾದ ಮುಳ್ಳು ನಡುಗುತ್ತಾ ಇಳಿಯುತ್ತದೆ. ಪಂಪ್‌ಗೆ ಎಳೆಯಲು ಆಯಿಲ್ ಸಾಲದೆ ಗಾಳಿಗುಳ್ಳೆ ಸೇರಿರುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಸುಮ್ಮನೆ ಕ್ರ್ಯಾಂಕ್ ಇಳಿಸುವ ಎಷ್ಟೋ ಕೆಲಸ ಉಳಿಯುತ್ತದೆ.

ಮೂರನೆಯದು ಫಿಲ್ಟರ್. ಎಸೆಯಬೇಡಿ, ಕತ್ತರಿಸಿ, ಕಾಗದ ಬಿಡಿಸಿ, ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರು ಕಂಡರೆ ಮ್ಯಾಗ್ನೆಟ್ ತಾಗಿಸಿ. ಅಂಟಿದರೆ ಕಬ್ಬಿಣ, ಉಕ್ಕು. ಅಂಟದೆ ತಾಮ್ರದ ಬಣ್ಣ ತೋರಿದರೆ ಬೇರಿಂಗ್‌ನ ಮೇಲ್ಪದರ ಮುಗಿದು ಒಳಪದರ ಸವೆಯುತ್ತಿರಬಹುದು, ಇಲ್ಲವೇ ಟರ್ಬೊ ಬುಷ್ (ಅದರ ಶಾಫ್ಟ್ ಹೊರುವ ಬಳೆ).

ಎಂಜಿನ್ ಬಿಚ್ಚಿದ ಮೇಲೆ ದಯವಿಟ್ಟು ಶೆಲ್‌ಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಯಾವ ಸಿಲಿಂಡರ್, ಮೇಲಿನದೋ ಕೆಳಗಿನದೋ ಎಂದು ಬೆನ್ನಿಗೆ ಬರೆದು, ಸಾಲಾಗಿ ಜೋಡಿಸಿ. ಸಾಕ್ಷಿ ಇರುವುದು ಆ ಸಾಲಿನಲ್ಲಿ. ಎಲ್ಲ ಶೆಲ್‌ಗಳೂ ಒಂದೇ ರೀತಿ ಉಜ್ಜಿ ಹರಡಿದಂತೆ, ಜರ್ನಲ್ (ಶೆಲ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) ನೀಲಿಗಟ್ಟಿದಂತೆ ಕಂಡರೆ ಇಡೀ ವ್ಯವಸ್ಥೆಗೇ ಆಯಿಲ್ ಸಾಲಲಿಲ್ಲ. ಒಂದೇ ಸುಟ್ಟು ಉಳಿದವು ಚೆನ್ನಾಗಿದ್ದರೆ ಆ ಒಂದು ತೂತನ್ನು ತಂತಿ ಹಾಕಿ ನೋಡಿ. ಮೈಮೇಲೆ ಗೀರು, ಒಳಗೆ ಹೂತ ಕಣ ಇದ್ದರೆ ಕಸ. ರಾಡ್ ಶೆಲ್‌ಗಳಲ್ಲಿ ಮೇಲಿನ ಅರ್ಧಗಳಷ್ಟೇ ಜಜ್ಜಿದ್ದರೆ ಅದು ಉರಿಯುವಿಕೆಯ ಹೊಡೆತ: ಡಿಟೊನೇಷನ್ (ಇಂಧನ ಸಿಡಿದಂತೆ ಉರಿಯುವುದು), ಅತಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಅಥವಾ ಟಾಪ್ ಗೇರ್‌ನಲ್ಲೇ ಏರು ಹತ್ತಿಸುವ ಅಭ್ಯಾಸ. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು) ಮಾಡಿಸಿದ ಗಾಡಿಯಾ ಎಂದು ಓನರ್‌ನ ಕೇಳಿ. ಮೊದಲ ಸಲ ಕೇಳಿದಾಗ ಸಾಮಾನ್ಯವಾಗಿ ಇಲ್ಲ ಎನ್ನುತ್ತಾರೆ.

ಟರ್ಬೊದಲ್ಲಿ ಶಾಫ್ಟ್ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಬುಷ್ ಆಯಿಲ್ ಮೇಲೆ ತೇಲುವಂಥದ್ದು. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾಗಬಾರದು. ಚಕ್ರ ಹೌಸಿಂಗ್‌ಗೆ ತಾಗಿದ ಗುರುತು ಇರಬಾರದು. ನೀಲಿ ಹೊಗೆ ಬಂದ ಮಾತ್ರಕ್ಕೆ 'ಟರ್ಬೊ ಸೀಲ್ ಹೋಗಿದೆ' ಎನ್ನಬೇಡಿ. ಅಲ್ಲಿರುವುದು ಪಿಸ್ಟನ್ ರಿಂಗ್‌ನಂಥ ಸೀಲ್, ತುಂಬಿ ನಿಂತ ಆಯಿಲನ್ನು ಅದು ತಡೆಯಲಾರದು. ಆಯಿಲ್ ತನ್ನ ಭಾರಕ್ಕೆ ತಾನೇ ಇಳಿದುಹೋಗಬೇಕು. ಡ್ರೈನ್ ಪೈಪ್ ಮಡಚಿದ್ದರೆ, ಬ್ರೀದರ್ (ಚೇಂಬರಿನ ಗಾಳಿ ಹೊರಬಿಡುವ ದಾರಿ) ಕಟ್ಟಿ ಚೇಂಬರಲ್ಲಿ ಒತ್ತಡ ತುಂಬಿದ್ದರೆ, ಹೊಸ ಟರ್ಬೊ ಕೂಡ ಹೊಗೆ ಉಗುಳುತ್ತದೆ.

ಕೂರಿಸುವಾಗ ಫೀಡ್ ಪೈಪ್ ಹೊಸದಿರಲಿ. ಅಲ್ಲಿ ಗ್ಯಾಸ್ಕೆಟ್ ಪೇಸ್ಟ್ ಬೇಡವೇ ಬೇಡ. ಹಿಂಡಿ ಒಳಬಂದ ಒಂದು ಎಳೆ ಸಾಕು ತೂತು ಮುಚ್ಚಲು. ಟರ್ಬೊದ ಆಯಿಲ್ ತೂತಿಗೆ ಶುದ್ಧ ಆಯಿಲ್ ತುಂಬಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ, ಒತ್ತಡ ಬರುವವರೆಗೆ ಸೆಲ್ಫ್ ಹೊಡೆಯಿರಿ. ಆಮೇಲೆ ಡ್ರೈನ್ ಪೈಪಿನ ತುದಿಯನ್ನು ಡಬ್ಬಕ್ಕೆ ಬಿಟ್ಟು, ಚೇಂಬರಿನ ಮಟ್ಟದ ಮೇಲೆ ಕಣ್ಣಿಟ್ಟು, ಸ್ವಲ್ಪ ಹೊತ್ತು ಐಡಲ್‌ನಲ್ಲಿ ಓಡಿಸಿ. ಧಾರೆ ಬಿಡದೆ ಬಂದರೆ ಮಾತ್ರ ಪೈಪ್ ಜೋಡಿಸಿ. ಗೇಜ್ ತೋರದ ಹರಿವನ್ನು ಕಣ್ಣಾರೆ ನೋಡಲು ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಮೇಜಿನ ಮೇಲೆ ಬೇರೆ ಬೇರೆ ಎಂಜಿನ್‌ಗಳ ಶೆಲ್‌ಗಳನ್ನು ಇಟ್ಟಿದ್ದೇನೆ, ಕಾರಣ ಬರೆದಿಲ್ಲ. ಕೈಗೆತ್ತಿಕೊಂಡು ನೋಡಿ, ಯಾವುದು ಏಕೆ ಹೋಯಿತು ಅಂತ ನೀವೇ ಹೇಳಿ. ಆಮೇಲೆ ಪ್ರಶ್ನೆಗಳಿಗೆ ಬರೋಣ.